ಗಂಟು ಬಿಚ್ಚದಿದ್ದಾಗ

ಸಂಸ್ಥೆಗಳ ಹಳೆಯ ದಾಖಲೆಗಳನ್ನು ಗಣಕಯಂತ್ರದಲ್ಲಿ ಜಿಪ್ ಕಡತಗಳಾಗಿ ಗಂಟು ಕಟ್ಟಿಡುವುದು ಇಂದು ವಾಡಿಕೆಯಾಗಿದೆ. 1989ರಲ್ಲಿ ಫಿಲ್ ಕಾಟ್ಜ್ ರೂಪಿಸಿದ ಈ ಕ್ರಮದಲ್ಲಿ ಒಳಗಿನ ಕಡತಗಳ ಸೂಚಿಯು ಗಂಟಿನ ಕೊನೆಯಲ್ಲಿರುತ್ತದೆ. ಆದುದರಿಂದಲೇ ಅರ್ಧಕ್ಕೆ ನಿಂತು ಬಂದ ಕಡತವು ಸಾಮಾನ್ಯವಾಗಿ ತೆರೆಯದು. ಆಗ ಗಾತ್ರವನ್ನು ಮೂಲದೊಡನೆ ಹೋಲಿಸಿ, ಕೊರತೆ ಕಂಡರೆ ಮರಳಿ ತರಿಸಿಕೊಳ್ಳುವುದೇ ಮೊದಲ ಪರಿಹಾರ. ಗಾತ್ರ ಸರಿಯಿದ್ದೂ ‘ಸಿಆರ್‌ಸಿ’ ದೋಷ ತೋರಿದರೆ ಒಳಗಿನ ದತ್ತಾಂಶವು ಕೆಟ್ಟಿರುವ ಸಂಭವವೇ ಹೆಚ್ಚು. ವಿಂಡೋಸಿನಲ್ಲಿ ಕಡತದ ಹಾದಿಯು 260 ಅಕ್ಷರಗಳ ಮಿತಿಯನ್ನು ಮೀರಿದರೂ ತೊಡಕುಂಟು. ಚಿಕ್ಕ ಹೆಸರಿನ ಫೋಲ್ಡರಿನಲ್ಲಿ ಬಿಚ್ಚಿದರೆ ಅದು ಬಹುಮಟ್ಟಿಗೆ ನೀಗುತ್ತದೆ. ದುರಸ್ತಿಯ ತಂತ್ರಾಂಶಗಳು ಉಳಿದುದನ್ನು ಹೆಕ್ಕಿಕೊಟ್ಟಾವು, ಅಳಿದುದನ್ನು ಸೃಷ್ಟಿಸಲಾರವು. ಆದಕಾರಣ ಗಂಟನ್ನು ಬಿಚ್ಚಿ ಪರೀಕ್ಷಿಸದೆ ಮೂಲವನ್ನು ಅಳಿಸುವುದು ಸರ್ವಥಾ ಯುಕ್ತವಲ್ಲ. ಕಟ್ಟಿದವರೇ ಒಮ್ಮೆ ಬಿಚ್ಚಿ ನೋಡುವುದು ಮುಂದಿನ ಪೀಳಿಗೆಗೆ ಸಲ್ಲಬೇಕಾದ ಋಣ.