‘ಅಷ್ಟೂ ಗೊತ್ತಾಗಲ್ವಾ?’ ಅನ್ನೋದನ್ನ ಬಿಡಿ, ‘ಎಲ್ಲಿ, ತೋರಿಸಿ’ ಅನ್ನಿ

1/8
ಫೋಟೋ ಸಿರಿಮನೆ ಜಲಪಾತದ್ದು. ಜಗಳ ನಮ್ಮ ವಯಸ್ಸಿನೋರ ಜೊತೆ. ಎಂಟು ಪೋಸ್ಟ್ ಇದೆ, ಪೂರ್ತಿ ಓದಿ, ಆಮೇಲೆ ಬೈರಿ.

ಕಂಪ್ಯೂಟರ್ ಪರದೆ ಮೇಲೆ ಕೆಂಪು ಎಚ್ಚರಿಕೆ ಬಂತು, ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದ್ರು, ಖಾತೆಯಲ್ಲಿದ್ದ ದುಡ್ಡು ಹೋಯ್ತು. ಇಂಥ ಸುದ್ದಿ ಯಾವ ಗ್ರೂಪಿಗೆ ಬಂದ್ರೂ ಮೊದಲ ಕಾಮೆಂಟ್ ಒಂದೇ: ‘ಅಷ್ಟೂ ಗೊತ್ತಾಗಲ್ವಾ ಮಾರಾಯ?’ ಅದರ ಹಿಂದೆ ನಗೋ ಸ್ಟಿಕ್ಕರ್. ಅದರ ಹಿಂದೆ ‘ಓದಿದೋರೇ ಹೀಗಾದ್ರೆ ಕಷ್ಟ’ ಅನ್ನೋ ಉಪದೇಶ.

ನಾನು ಹೇಳೋದು ಇಷ್ಟೆ: ಈ ಕಾಮೆಂಟಿನಿಂದ ಲಾಭ ಆಗೋದು ವಂಚಕನಿಗೆ. ಅದನ್ನ ಓದಿದೋರು ನಾಳೆ ತಮಗೆ ಹಾಗಾದ್ರೆ ಯಾರಿಗೂ ಹೇಳಲ್ಲ. ಅವರು ಬಾಯಿ ಮುಚ್ಕೊಂಡು ಕೂತ ಒಂದೊಂದು ಗಂಟೆಯೂ ಅವನಿಗೆ ಸಿಕ್ಕ ಗಂಟೆ.

ಮಳೆಗಾಲದಲ್ಲಿ ಕಿಗ್ಗ ಕಡೆಯಿಂದ ಸಿರಿಮನೆಗೆ ಬಂದೋರ ಕಾಲಿಗೆ ಉಂಬಳ ಹತ್ತಿದ್ರೆ ನಾವು ‘ನಿಮಗೆ ಬುದ್ಧಿ ಇಲ್ವಾ’ ಅಂತೀವಾ? ‘ಎಲ್ಲಿ, ತೋರಿಸಿ’ ಅಂತೀವಿ. ಉಪ್ಪೋ ಸುಣ್ಣವೋ ಹುಡುಕ್ತೀವಿ. ಕಾಲಿಗೆ ಉಂಬಳ ಹತ್ತಿದ್ದಕ್ಕೆ ಯಾರೂ ನಾಚಿಕೆ ಪಡಲ್ಲ. ಖಾತೆಗೆ ಹತ್ತಿದ್ರೆ ಮಾತ್ರ ಯಾಕೆ ನಾಚಿಕೆ?

2/8
ಮೊದಲು ಆ ಪಾಪ್‌ಅಪ್ ಏನು ಅಂತ ತಿಳ್ಕೊಳ್ಳಿ. ಅದೊಂದು ವೆಬ್ ಪುಟ, ಅಷ್ಟೆ. ಯಾವುದೋ ಜಾಹೀರಾತು ಒತ್ತಿದಾಗ, ಪುಕ್ಕಟೆ ಸಿನಿಮಾ ಪುಟ ತೆರೆದಾಗ, ವೆಬ್‌ಸೈಟ್ ಹೆಸರಲ್ಲಿ ಒಂದಕ್ಷರ ತಪ್ಪು ಟೈಪ್ ಮಾಡಿದಾಗ ತೆರ್ಕೊಳ್ಳುತ್ತೆ. ಪೂರ್ತಿ ಪರದೆ ಆವರಿಸುತ್ತೆ. ಮೈಕ್ರೋಸಾಫ್ಟ್ ಲೋಗೋ, ಕೆಂಪು ಬಣ್ಣ, ಸೈರನ್, ‘ಕಂಪ್ಯೂಟರ್ ಆಫ್ ಮಾಡಬೇಡಿ, ಡೇಟಾ ಎಲ್ಲ ಹೋಗುತ್ತೆ’ ಅನ್ನೋ ಧ್ವನಿ, ಕೆಳಗೊಂದು ಫೋನ್ ನಂಬರ್.

ಆ ನಂಬರೇ ಸಾಕ್ಷಿ. ತನ್ನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರ್ ಇರೋದೇ ಇಲ್ಲ ಅಂತ ಮೈಕ್ರೋಸಾಫ್ಟ್ ತಾನೇ ಹೇಳಿದೆ. ನಂಬರ್ ಇದೆ ಅಂದ್ರೆ ಸುಳ್ಳು, ಅಲ್ಲಿಗೆ ಮುಗೀತು. ಇಡೀ ಸರಣಿಯಲ್ಲಿ ಒಂದೇ ವಾಕ್ಯ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ.

ಒಂದು ಕಾರಣಕ್ಕೆ ಈಗ ಈ ಸುಳ್ಳು ಜಾಸ್ತಿ ನಿಜ ಅನ್ನಿಸುತ್ತೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗೀತು. ಅಣ್ಣ ಇಂಜಿನಿಯರಿಂಗ್ ಓದೋವಾಗ ತಗೊಂಡು ಈಗ ಮನೇಲಿ ಉಳಿದಿರೋ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೂ ಅದೇ ಇರುತ್ತೆ. ‘ನಿಮ್ಮ ವಿಂಡೋಸ್ ಅವಧಿ ಮುಗಿದಿದೆ’ ಅಂತ ಪರದೆ ಹೇಳಿದ್ರೆ ಯಾರು ನಂಬಲ್ಲ ಹೇಳಿ? ಬೆಂಬಲ ಮುಗಿದಿದ್ದು ನಿಜ. ಅದಕ್ಕೋಸ್ಕರ ಯಾರೋ ಫೋನಿನಲ್ಲಿ ಕಾಯ್ತಾ ಕೂತಿದಾರೆ ಅನ್ನೋದು ಸುಳ್ಳು.

3/8
‘ಇದೆಲ್ಲ ಹೊರದೇಶದ ಕಥೆ’ ಅನ್ನೋರಿಗೆ.

2023ರ ಅಕ್ಟೋಬರ್‌ನಲ್ಲಿ ಸಿಬಿಐ ‘ಆಪರೇಷನ್ ಚಕ್ರ 2’ ಅಂತ ದೇಶದ 76 ಕಡೆ ಹುಡುಕಾಟ ನಡೆಸ್ತು. ಅದರ ಒಂದು ಭಾಗ ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರಿನ ಮೇಲೆ: ಅವರ ಹೆಸರು ಹೇಳ್ಕೊಂಡು ‘ಟೆಕ್ ಸಪೋರ್ಟ್’ ಅಂತ ವಿದೇಶಿಯರಿಗೆ ಮೋಸ ಮಾಡ್ತಿದ್ದ ಕಾಲ್ ಸೆಂಟರ್‌ಗಳು. 2025ರ ನವೆಂಬರ್‌ನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಪೊಲೀಸರು ಒಂದು ಆಫೀಸಿಗೆ ನುಗ್ಗಿ 21 ಜನರನ್ನ ಬಂಧಿಸಿದ್ರು. ಅಮೆರಿಕದವರಿಗೆ ಮೈಕ್ರೋಸಾಫ್ಟ್ ತಾಂತ್ರಿಕ ಸಹಾಯದ ಸೋಗು ಹಾಕಿ ವಂಚಿಸ್ತಿದ್ರು ಅನ್ನೋದು ಪೊಲೀಸರ ಆರೋಪ. ಅದೇ ತಿಂಗಳು ಬೆಳಗಾವಿಯಲ್ಲೂ ಅಮೆರಿಕದವರನ್ನೇ ಗುರಿ ಮಾಡಿದ್ದ ನಕಲಿ ಕಾಲ್ ಸೆಂಟರ್ ಸಿಕ್ತು.

ಅಂದ್ರೆ ಫೋನಿನ ಆ ತುದಿ ವೈಟ್‌ಫೀಲ್ಡ್‌ನಲ್ಲಿದೆ, ಬೆಳಗಾವಿಯಲ್ಲಿದೆ. ಟೆಕ್ಸಾಸ್‌ನ ಅಜ್ಜಿಗೆ ಹಾಕಿದ ಗಾಳವನ್ನ ಕೊಪ್ಪದ ಅಜ್ಜಿಗೂ ಹಾಕೋಕೆ ಬೇರೆ ವಿದ್ಯೆ ಬೇಕಿಲ್ಲ, ಭಾಷೆ ಬದಲಾದ್ರೆ ಸಾಕು.

ಇನ್ನೊಂದು ಮಾತು. ಮೋಸ ಹೋದ ಅಮೆರಿಕದವರು ಹುಟ್ಟಿದಾಗಿಂದ ಇಂಗ್ಲಿಷ್ ಮಾತಾಡೋರು, ನಮಗಿಂತ ಮುಂಚೆ ಕಂಪ್ಯೂಟರ್ ಕಂಡೋರು. ‘ನಮ್ಮ ಹಳ್ಳಿಯೋರಿಗೆ ಗೊತ್ತಾಗಲ್ಲ’ ಅನ್ನೋ ವಾದ ಅಲ್ಲಿಗೇ ಬಿತ್ತು.

4/8
ಈಗ ನಿಜವಾದ ಪ್ರಶ್ನೆ. ಮನೇಲಿ ಇಂಟರ್ನೆಟ್ ಬಲ್ಲ ಮಗಳೋ ಮೊಮ್ಮಗನೋ ಇರೋವಾಗ, ಅಪ್ಪಯ್ಯ ಪರದೆ ಮೇಲಿನ ಅಪರಿಚಿತನಿಗೆ ಯಾಕೆ ಫೋನ್ ಮಾಡ್ತಾರೆ?

ಯಾಕಂದ್ರೆ ಅವನು ಮೊದಲ ರಿಂಗಿಗೇ ಎತ್ತುತ್ತಾನೆ. ‘ಸರ್’ ಅಂತಾನೆ. ‘ಗಾಬರಿ ಆಗಬೇಡಿ, ನಾನಿದೀನಿ’ ಅಂತಾನೆ. ಹತ್ತು ಸಲ ಕೇಳಿದ್ರೂ ಹತ್ತು ಸಲ ಹೇಳ್ತಾನೆ. ಎರಡು ಗಂಟೆ ಬೇಕಾದ್ರೂ ಲೈನಲ್ಲಿ ಇರ್ತಾನೆ. ಮನೆಯ ಮಕ್ಕಳಿಗೆ ಫೋನ್ ಮಾಡಿದ್ರೆ? ‘ಕ್ಲಾಸಲ್ಲಿದೀನಿ.’ ‘ಏನ್ ಒತ್ತಿದ್ರಿ ಮತ್ತೆ?’ ‘ಎಷ್ಟು ಸಲ ಹೇಳಿದೀನಿ!’

ವಂಚಕ ಮಾರೋದು ತಾಳ್ಮೆ. ಅದು ಮನೇಲಿ ಸಿಗ್ತಿಲ್ಲ, ಹಾಗಾಗಿ ಅವನಿಗೆ ವ್ಯಾಪಾರ ಇದೆ.

‘ಹಾಗಾದ್ರೆ ದೊಡ್ಡೋರಿಗೆ ಜವಾಬ್ದಾರಿ ಇಲ್ವಾ?’ ಅಂತ ಕೇಳ್ತೀರಿ. ಇದೆ. ಎಚ್ಚರ ಎಲ್ಲರಿಗೂ ಬೇಕು. ಆದ್ರೆ ಎಚ್ಚರ ಬರೋದು ಯಾರಾದ್ರೂ ಪಕ್ಕ ಕೂತು ಹೇಳಿಕೊಟ್ರೆ, ಬೈಸ್ಕೊಂಡು ಅಲ್ಲ. ಅಡಿಕೆ ಮರಕ್ಕೆ ರೋಗ ಬಂದ್ರೆ, ಎಲೆ ಹಳದಿ ಆದ್ರೆ, ತೋಟಕ್ಕೆ ಹೋಗಿ ನೋಡ್ದೇ ಅಂಗಳದಲ್ಲಿ ನಿಂತು ಬೈದ್ರೆ ವಾಸಿ ಆಗುತ್ತಾ? ನಮ್ಮ ತಾಲೂಕುಗಳ ಮನೆಗಳಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ರೋಗದಿಂದ ಅರ್ಧ ಆದ ಫಸಲಿನ ದುಡ್ಡು ಖಾತೆಗೆ ಬಂದಿರುತ್ತೆ. ಅದೂ ಹೋದ್ರೆ ಆ ವರ್ಷದ ಫೀಸು, ಔಷಧಿ, ಸಾಲದ ಕಂತು ಎಲ್ಲದಕ್ಕೂ ಬೀಳುತ್ತೆ ಏಟು.

5/8
ಪಾಪ್‌ಅಪ್ ಈಗಲೇ ಪರದೆ ಮೇಲಿದ್ರೆ. ಇದನ್ನ ಸೇವ್ ಮಾಡ್ಕೊಳ್ಳಿ.

ಗುಡುಗು ಶುರುವಾದ ಕೂಡ್ಲೆ ಟಿವಿ, ಮೋಡೆಮ್ ಪ್ಲಗ್ ಕೀಳೋದು ಮಲೆನಾಡಿನೋರಿಗೆ ಯಾರೂ ಕಲಿಸಬೇಕಿಲ್ಲ. ಇದಕ್ಕೂ ಅದೇ ಬುದ್ಧಿ ಸಾಕು.

• ನಂಬರಿಗೆ ಫೋನ್ ಮಾಡಬೇಡಿ. ಪುಟದ ಮೇಲಿನ ಯಾವ ಬಟನ್ನೂ ಒತ್ತಬೇಡಿ, ‘ರದ್ದು’ ಅನ್ನೋದನ್ನೂ.
• ಎಸ್ಕೇಪ್ ಕೀ ಒತ್ತಿ ಹಿಡ್ಕೊಳ್ಳಿ. ಪೂರ್ತಿ ಪರದೆ ಬಿಟ್ಟು ಸಣ್ಣದಾದ್ರೆ ಟ್ಯಾಬ್ ಮುಚ್ಚಿ.
• ಆಗಲಿಲ್ವಾ? ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರೆದು, ಬ್ರೌಸರ್ ಆರಿಸಿ ‘ಎಂಡ್ ಟಾಸ್ಕ್’ ಕೊಡಿ.
• ಅದೂ ಆಗಲಿಲ್ವಾ? ಪವರ್ ಬಟನ್ ಒತ್ತಿ ಹಿಡ್ಕೊಳ್ಳಿ, ಆಫ್ ಆಗೋವರೆಗೆ. ಪುಟ ಹೆದರಿಸಿದ ಹಾಗೆ ಡೇಟಾ ಅಳಿಸಿ ಹೋಗಲ್ಲ. ಸೇವ್ ಮಾಡದೇ ಇದ್ದ ಕೆಲಸ ಮಾತ್ರ ಹೋಗಬಹುದು.
• ಮತ್ತೆ ಬ್ರೌಸರ್ ತೆರೆದಾಗ ‘ಹಳೇ ಪುಟಗಳನ್ನ ಮರಳಿ ತರಲಾ?’ ಅಂತ ಕೇಳಿದ್ರೆ ಬೇಡ ಅನ್ನಿ.
• ಮೂಲೆಯಲ್ಲಿ ‘ವೈರಸ್ ಬಂದಿದೆ’ ಅನ್ನೋ ಸಣ್ಣ ಸಂದೇಶ ಪದೇ ಪದೇ ಬರ್ತಿದ್ರೆ, ಅದು ಯಾವುದೋ ವೆಬ್‌ಸೈಟಿಗೆ ಹಿಂದೆ ‘ಅಲೋ’ ಕೊಟ್ಟಿದ್ದರ ಫಲ. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ ಪಟ್ಟಿ ನೋಡಿ, ಗುರುತಿಲ್ಲದ್ದನ್ನೆಲ್ಲ ತೆಗೀರಿ.

ಫೋನ್ ಮಾಡಿಲ್ಲ, ಏನೂ ಡೌನ್‌ಲೋಡ್ ಮಾಡಿಲ್ಲ ಅಂದ್ರೆ ಸಾಮಾನ್ಯವಾಗಿ ಇಲ್ಲಿಗೇ ಮುಗೀತು.

6/8
ಫೋನ್ ಮಾಡಿ, ಅವನನ್ನ ಒಳಗೆ ಬಿಟ್ಟಾಗಿದ್ರೆ.

ಅವನ ಆಟ ಹೀಗಿರುತ್ತೆ. ಎನಿಡೆಸ್ಕ್, ಟೀಮ್‌ವ್ಯೂವರ್ ಥರದ ಆಪ್ ಹಾಕಿಸ್ತಾನೆ. ಆ ಆಪ್‌ಗಳು ಕೆಟ್ಟವಲ್ಲ, ಆಫೀಸಿನೋರು ದಿನಾ ಬಳಸ್ತಾರೆ. ಆದ್ರೆ ಕೋಡ್ ಹೇಳಿ ಒಪ್ಪಿಗೆ ಕೊಟ್ಟ ಮೇಲೆ ಮೌಸ್ ಅವನ ಕೈಲಿ. ಆಮೇಲೆ ‘ಇವೆಂಟ್ ವ್ಯೂವರ್’ ತೆರೆದು ಕೆಂಪು, ಹಳದಿ ಗುರುತು ತೋರಿಸಿ ‘ನೋಡಿ, ಎಷ್ಟು ವೈರಸ್’ ಅಂತಾನೆ. ಆ ಗುರುತು ಚೆನ್ನಾಗಿರೋ ಕಂಪ್ಯೂಟರಿನಲ್ಲೂ ಇರುತ್ತೆ. ಕೊನೆಗೆ ಫೀಸು, ಇಲ್ಲಾ ‘ರೀಫಂಡ್ ಕೊಡ್ತೀನಿ, ಬ್ಯಾಂಕ್ ಪುಟ ತೆರೀರಿ’. ಪುಟದಲ್ಲಿ ಕಾಣೋ ಮೊತ್ತವನ್ನ ತಿದ್ದಿ ‘ಅಯ್ಯೋ, ಜಾಸ್ತಿ ಹಾಕ್ಬಿಟ್ಟೆ, ವಾಪಸ್ ಕಳಿಸಿ’ ಅಂತಾನೆ. ಖಾತೆಗೆ ಒಂದು ಪೈಸೆಯೂ ಬಂದಿರಲ್ಲ.

ಮಾಡಬೇಕಾದ್ದು, ಇದೇ ಕ್ರಮದಲ್ಲಿ:
ಒಂದು, ಇಂಟರ್ನೆಟ್ ಕಡಿದು ಹಾಕಿ. ಎರಡು, ಬೇರೆ ಫೋನಿನಿಂದ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್, ನೆಟ್ ಬ್ಯಾಂಕಿಂಗ್, ಯುಪಿಐ ತಡೆಸಿ. ನಂಬರನ್ನ ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲೂ ನಕಲಿ ನಂಬರ್ ಇರುತ್ತೆ. ಕಾರ್ಡಿನ ಹಿಂಭಾಗ ನೋಡಿ, ಇಲ್ಲಾ ಪಾಸ್‌ಬುಕ್. ಮೂರು, ದುಡ್ಡು ಹೋಗಿದ್ರೆ ಆ ಕ್ಷಣವೇ 1930. ನಾಲ್ಕು, ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ. ಮೊದಲು ಇಮೇಲ್, ಯಾಕಂದ್ರೆ ಉಳಿದೆಲ್ಲ ಪಾಸ್‌ವರ್ಡಿಗೂ ಅದೇ ಬಾಗಿಲು. ಐದು, ಅವನು ಹಾಕಿಸಿದ ಆಪ್‌ಗಳನ್ನ ತೆಗೆದು, ಆಂಟಿವೈರಸ್‌ನಲ್ಲಿ ಪೂರ್ತಿ ಸ್ಕ್ಯಾನ್ ಮಾಡಿ. ಅನುಮಾನ ಉಳಿದ್ರೆ ಫೈಲುಗಳನ್ನ ಬೇರೆ ಕಡೆ ಇಟ್ಕೊಂಡು ವಿಂಡೋಸ್ ಹೊಸದಾಗಿ ಹಾಕಿಸಿ.

7/8
ನಾಚಿಕೆಗೆ ಎಷ್ಟು ಬೆಲೆ ಅನ್ನೋದು ನಿಯಮದಲ್ಲೇ ಬರೆದಿದೆ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿದ್ದು: ಗ್ರಾಹಕ ತಾನೇ ಪಾಸ್‌ವರ್ಡ್, ಪಿನ್ ಥರದ್ದನ್ನ ಕೊಟ್ಟು ನಷ್ಟ ಆಗಿದ್ರೆ, ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ಗ್ರಾಹಕನದ್ದು. ತಿಳಿಸಿದ ನಂತರ ಆದ ನಷ್ಟ ಬ್ಯಾಂಕಿನದ್ದು. ಬ್ಯಾಂಕಿನದ್ದೂ ಗ್ರಾಹಕನದ್ದೂ ತಪ್ಪಿಲ್ಲದ ಪ್ರಕರಣದಲ್ಲಿ ಮೂರು ಕೆಲಸದ ದಿನದೊಳಗೆ ತಿಳಿಸಿದ್ರೆ ಗ್ರಾಹಕನಿಗೆ ಹೊಣೆಯೇ ಇಲ್ಲ ಅಂತ ಆ ಸುತ್ತೋಲೆ ಹೇಳಿತ್ತು. ಯಾವ ಕಡೆಯಿಂದ ನೋಡಿದ್ರೂ ತಡ ಮಾಡಿದೋರಿಗೇ ಹೊಡೆತ. ಈಗ ಹೇಳಿ, ‘ಮನೇಲಿ ಗೊತ್ತಾದ್ರೆ ಬೈತಾರೆ’ ಅಂತ ರಾತ್ರಿಯಿಡೀ ಸುಮ್ನಿದ್ದೋರ ದುಡ್ಡಿಗೆ ಯಾರು ಹೊಣೆ? ಬೈಯೋರಿಗೆ ಒಂದು ಪಾಲಾದ್ರೂ ಇಲ್ವಾ?

1930 ಅಂದ್ರೆ ಬರೀ ದೂರು ಬರ್ಕೊಳ್ಳೋ ನಂಬರ್ ಅಲ್ಲ. ದುಡ್ಡು ಯಾವ ಖಾತೆಯಿಂದ ಯಾವ ಖಾತೆಗೆ ಹೋಯ್ತು ಅಂತ ಬ್ಯಾಂಕುಗಳಿಗೆ ತಿಳಿಸಿ, ಡ್ರಾ ಆಗೋ ಮುಂಚೆ ತಡೆಯೋ ವ್ಯವಸ್ಥೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರ್ತಾ ಇರುತ್ತೆ, ಹಾಗಾಗಿ ಬೇಗ ಹೇಳಿದಷ್ಟೂ ಸಿಗೋ ಸಾಧ್ಯತೆ ಜಾಸ್ತಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲೂ ದೂರು ಹಾಕಿ. ವ್ಯವಹಾರದ ಸಂಖ್ಯೆ, ಸಮಯ, ಸ್ಕ್ರೀನ್‌ಶಾಟ್, ಅವನ ಫೋನ್ ನಂಬರ್, ಯಾವುದನ್ನೂ ಅಳಿಸಬೇಡಿ. ಜಿಲ್ಲೆಗೆ ಚಿಕ್ಕಮಗಳೂರಿನಲ್ಲಿ ಸೆನ್ ಠಾಣೆ ಇದೆ. ಅಷ್ಟು ದೂರ ಹೋಗೋಕಾಗದಿದ್ರೆ ಹತ್ತಿರದ ಠಾಣೆಯಲ್ಲೇ ದೂರು ಕೊಡಿ, ‘ನಮ್ಮ ವ್ಯಾಪ್ತಿ ಅಲ್ಲ’ ಅಂತ ವಾಪಸ್ ಕಳಿಸೋ ಹಾಗಿಲ್ಲ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ.

ಒಂದು ಎಚ್ಚರಿಕೆ: ‘ಹೋದ ದುಡ್ಡು ತಂದುಕೊಡ್ತೀವಿ, ಸ್ವಲ್ಪ ಫೀಸು’ ಅಂತ ಯಾರಾದ್ರೂ ಬಂದ್ರೆ ಅದು ಎರಡನೇ ಉಂಬಳ.

8/8
ಕೊನೇದು, ಡಿಗ್ರಿ ಮುಗಿಸಿ ಬೆಂಗಳೂರು ಬಸ್ ಹತ್ತೋಕೆ ಹೊರಟಿರೋ ನಮ್ಮ ಬ್ಯಾಚಿನೋರಿಗೆ.

‘ಇಂಟರ್‌ನ್ಯಾಷನಲ್ ವಾಯ್ಸ್ ಪ್ರೋಸೆಸ್, ನೈಟ್ ಶಿಫ್ಟ್, ಅನುಭವ ಬೇಡ’ ಅನ್ನೋ ಕೆಲಸಗಳಲ್ಲಿ ಎಷ್ಟೋ ಒಳ್ಳೇವು ಇದಾವೆ. ಆದ್ರೆ ಆಫರ್ ಲೆಟರ್ ಇಲ್ಲ, ಸಂಬಳ ಕೈಗೆ ಕ್ಯಾಶು, ನಿಮ್ಮ ಹೆಸರು ಬಿಟ್ಟು ‘ಜಾನ್’ ಅಂತ ಹೇಳ್ಕೊಳ್ಳಬೇಕು, ನೀವು ಓದಬೇಕಾದ ಸ್ಕ್ರಿಪ್ಟಿನ ಮೊದಲ ಸಾಲೇ ಹೆದರಿಸೋದು, ಪಾವತಿ ಗಿಫ್ಟ್ ಕಾರ್ಡಿನಲ್ಲೋ ಬಿಟ್‌ಕಾಯಿನ್‌ನಲ್ಲೋ ಅಂದ್ರೆ, ಅವತ್ತೇ ಎದ್ದು ಬನ್ನಿ. ಕಂಪ್ಯೂಟರ್ ಬಳಸಿ ಬೇರೆಯವರ ಸೋಗಿನಲ್ಲಿ ವಂಚಿಸಿದ್ರೆ ಐಟಿ ಕಾಯ್ದೆಯ 66ಡಿ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ‘ನಾನು ಬರೀ ಫೋನ್ ಎತ್ತಿದ್ದು’ ಅನ್ನೋ ಮಾತು ಅಲ್ಲಿ ನಡೆಯಲ್ಲ. ಆ ತುದಿಯ ಅಜ್ಜಿಯೂ ಯಾರದೋ ಮನೆಯ ಅಜ್ಜಿ.

ಇಷ್ಟು ಓದಿದೋರಿಗೆ ಒಂದು ಕೆಲಸ. ಕಾಮೆಂಟಿನಲ್ಲಿ ಬೆಂಕಿ ಇಮೋಜಿ ಹಾಕೋ ಮುಂಚೆ ಮನೆಗೆ ಫೋನ್ ಮಾಡಿ. ‘ಪರದೆ ಮೇಲೆ ಏನಾದ್ರೂ ಹೆದರಿಸೋ ಥರದ್ದು ಬಂದ್ರೆ ಯಾವ ಹೊತ್ತಿಗಾದ್ರೂ ನನಗೇ ಫೋನ್ ಮಾಡಿ, ಬೈಯಲ್ಲ’ ಅನ್ನಿ. ಹೇಳಿದ ಮೇಲೆ ನಡೆಸ್ಕೊಡಿ: ಫೋನ್ ಬಂದಾಗ ಎತ್ತಿ. ನೆಟ್‌ವರ್ಕ್ ಇಲ್ಲದ ಕಡೆ ಇದ್ರೆ, ಯಾರಿಗೆ ಮಾಡಬೇಕು ಅಂತ ಇನ್ನೊಬ್ಬರ ನಂಬರ್ ಮೊದಲೇ ಕೊಟ್ಟಿರಿ. 1930 ಅನ್ನೋದನ್ನ ಮೋಡೆಮ್ ಪಕ್ಕದ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ.

ಒಪ್ಪದೇ ಇದ್ರೆ ಕೆಳಗೆ ಜಗಳ ಆಡಿ, ಉತ್ತರ ಕೊಡ್ತೀನಿ. ಮೋಸ ಹೋದೋರ ಬಗ್ಗೆ ನಗೋ ಸ್ಟಿಕ್ಕರ್ ಹಾಕಿದ್ರೆ ಮಾತ್ರ ಡಿಲೀಟ್.

#ಸಿರಿಮನೆ #ಕಿಗ್ಗ #ಶೃಂಗೇರಿ #ಕೊಪ್ಪ #ನರಸಿಂಹರಾಜಪುರ #ಎಲ್ಲಿತೋರಿಸಿ #1930