ಹೊಡೆಯದೆ ಒಳಗೆ ಹೋಗೋ ಹಾಗಿಲ್ಲ

ಚೌಕಾಬಾರದಲ್ಲಿ ಜಗಳ ಬರೋದು ಕವಡೆ ಬೀಳುವಾಗ ಅಲ್ಲ, ಕಾಯಿ ಹೊಡೆಯುವಾಗ. ನಾಲ್ಕು ಕವಡೆ, ಐದೈದು ಸಾಲಿನ 25 ಮನೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಇಷ್ಟು ಎಲ್ಲರಿಗೂ ಗೊತ್ತು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗೋ ಹಾಗಿಲ್ಲ ಅನ್ನೋದೂ ಗೊತ್ತು. ಆದರೆ ಈ ಒಂದು ವಾಕ್ಯಕ್ಕೆ ಹಾಸ್ಟೆಲಿನ ಒಂದೇ ರೂಮಿನಲ್ಲಿ ಮೂರು ಅರ್ಥ ಸಿಗುತ್ತವೆ. ಒಂದು ಕಾಯಿ ಹೊಡೆದರೆ ನಾಲ್ಕಕ್ಕೂ ಬಾಗಿಲು ತೆರೆಯುತ್ತಾ, ಹೊಡೆದ ಕಾಯಿಗೆ ಮಾತ್ರನಾ? ಹೊಡೆಯದೇ ಸುತ್ತು ಮುಗಿಸಿದ ಕಾಯಿ ಬಾಗಿಲಲ್ಲೇ ನಿಂತು ಕಾಯಬೇಕಾ, ಇನ್ನೊಂದು ಸುತ್ತು ಹೊಡೆಯಬೇಕಾ? ಕೇಳಿದರೆ ಎಲ್ಲರ ಉತ್ತರ ಒಂದೇ: 'ನಮ್ಮಜ್ಜಿ ಹೀಗೇ ಆಡ್ತಿದ್ರು.'

ಅಜ್ಜಿಯರು ಎದುರಿಗಿದ್ದಾಗ ಇದು ಸಮಸ್ಯೆಯೇ ಅಲ್ಲ. ತಕರಾರು ಬಂದಾಗ ಅವರೇ ತೀರ್ಪು ಕೊಡ್ತಿದ್ದರು. ಈಗ ಚೌಕಾಬಾರ ಮೊಬೈಲಿಗೂ ಬಂದಿದೆ. ನಮ್ಮಲ್ಲೇ ಯಾರಾದರೂ ಮಿನಿ ಪ್ರಾಜೆಕ್ಟ್‌ಗೆ ಅದನ್ನು ಆರಿಸಿಕೊಂಡರೆ ಆಶ್ಚರ್ಯವಿಲ್ಲ. ಕೋಡ್‌ಗೆ 'ಆಮೇಲೆ ನೋಡ್ಕೊಳ್ಳೋಣ' ಅನ್ನೋದು ಅರ್ಥ ಆಗಲ್ಲ. ಬರೆಯುವವನು ಒಂದು ಅರ್ಥ ಆರಿಸಲೇಬೇಕು. ಹತ್ತು ವರ್ಷದ ಮೇಲೆ ಅವನು ಆರಿಸಿದ್ದೇ 'ಸರಿಯಾದ ನಿಯಮ', ಉಳಿದ ಅಜ್ಜಿಯರೆಲ್ಲ ತಪ್ಪು ಆಡ್ತಿದ್ದವರು ಅಂತಾಗುತ್ತದೆ. ನನ್ನ ತಕರಾರು ಇರೋದು ಇಲ್ಲಿ.

ಹಾಗಾದರೆ ಹೇಗೆ ಆರಿಸೋದು? ಜಪಾನಿನಲ್ಲಿ ಚೂ ಶೋಗಿ ಅನ್ನೋ ಹಳೇ ಚದುರಂಗ ಇದೆ. 12x12 ಹಾಸು, ಒಂದೊಂದು ಕಡೆ 46 ಕಾಯಿ. ಅದರಲ್ಲಿ ಎಲ್ಲಕ್ಕಿಂತ ಬಲವಾದದ್ದು ಸಿಂಹ, ಒಂದೇ ಸರದಿಯಲ್ಲಿ ಎರಡು ಹೆಜ್ಜೆ ಇಡುತ್ತೆ, ಎರಡು ಕಾಯಿ ಹೊಡೆಯುತ್ತೆ. ಆದರೆ ಸಿಂಹ ಸಿಂಹವನ್ನು ಹೊಡೆಯೋಕೆ ಕಟ್ಟುಪಾಡಿದೆ. ಎದುರಾಳಿಯ ಸಿಂಹ ಪಕ್ಕದ ಮನೆಯಲ್ಲಿಲ್ಲದೆ ಒಂದು ಮನೆ ಆಚೆಗಿದ್ದು, ಅದಕ್ಕೆ ಕಾವಲೂ ಇದ್ದರೆ, ಅದೊಂದನ್ನೇ ಹೊಡೆಯುವಂತಿಲ್ಲ. ಸರಿ, 'ಕಾವಲು' ಅಂದರೇನು? ಕಾವಲು ಕಾಯಿಯ ದಾರಿಗೆ ಹೊಡೆಯಲು ಹೊರಟ ಸಿಂಹವೇ ಅಡ್ಡ ನಿಂತಿದ್ದರೆ? ಅಕ್ಷರಕ್ಕೆ ಅಂಟಿಕೊಂಡರೆ ಆ ಕ್ಷಣಕ್ಕೆ ಕಾವಲಿಲ್ಲ. ಆದರೆ ಸಿಂಹ ಕದಲಿದ ಕೂಡಲೇ ದಾರಿ ತೆರೆಯುತ್ತೆ, ಮುಂದಿನ ಸರದಿಗೆ ಅದೂ ಸಾಯುತ್ತೆ. ಎರಡು ಸಿಂಹಗಳೂ ಆರಂಭದಲ್ಲೇ ಅದಲುಬದಲಾಗಿ ಹೋಗಿ ಆಟ ಸಪ್ಪೆಯಾಗದಿರಲಿ ಅಂತಲೇ ಈ ನಿಯಮ ಇರೋದು. ಆದ್ದರಿಂದ ಮರೆಯ ಕಾವಲನ್ನೂ ಕಾವಲೆಂದೇ ಎಣಿಸುತ್ತಾರೆ. ನಿಯಮ ಏನನ್ನು ತಡೆಯೋಕೆ ಹುಟ್ಟಿತು ಅಂತ ಕೇಳಿದರೆ ಅರ್ಥ ತಾನೇ ಬಿಚ್ಚಿಕೊಳ್ಳುತ್ತೆ.

ಅದೇ ಪ್ರಶ್ನೆಯನ್ನು ನಮ್ಮ ಹಾಸಿಗೆ ಹಾಕಿ ನೋಡಿ. ಹೊರಸುತ್ತಿನ 16 ಮನೆಗಳಲ್ಲಿ ನಾಲ್ಕು ಕಟ್ಟೆ, ಅಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಸರಿಯಾಗಿ ನಾಲ್ಕು ಮನೆ. ಅಂದರೆ ಚೌಕ ಬಿದ್ದರೆ ಮುಂದಿನ ಕಟ್ಟೆ, ಬಾರ ಬಿದ್ದರೆ ಅದರಾಚೆಯ ಕಟ್ಟೆ, ಜೊತೆಗೆ ಇನ್ನೊಂದು ಸಲ ಕವಡೆ ಹಾಕುವ ಅವಕಾಶ ಬೇರೆ. (ಇದನ್ನು ಯೋಚಿಸಿದವರು ಯಾರೋ, ಅವರಿಗೊಂದು ನಮಸ್ಕಾರ.) ಅದೃಷ್ಟ ಇದ್ದವನು ಯಾರ ತಂಟೆಗೂ ಹೋಗದೆ ಕಟ್ಟೆಯಿಂದ ಕಟ್ಟೆಗೆ ಹಾರಿ ಹಣ್ಣಾಗಿಬಿಡಬಹುದು. ಅವನನ್ನು ಬೀದಿಗಿಳಿಸೋಕೇ ಹೊಡೆಯಲೇಬೇಕು ಅನ್ನೋ ನಿಯಮ.

ಹೀಗಿರುವಾಗ ಆಟಗಾರ ಒಮ್ಮೆ ಹೊಡೆದರೆ ಸಾಕು, ನಾಲ್ಕೂ ಕಾಯಿಗೆ ಬಾಗಿಲು ತೆರೆಯಬೇಕು. ಒಂದೊಂದು ಕಾಯಿಯೂ ಹೊಡೆಯಲಿ ಅಂದರೆ ಸೆಮಿಸ್ಟರ್ ಮುಗಿದರೂ ಆಟ ಮುಗಿಯಲ್ಲ. ಬಾಗಿಲಲ್ಲಿ ನಿಂತು ಕಾಯೋ ಪದ್ಧತಿಯನ್ನಂತೂ ನಾನು ಒಪ್ಪಲ್ಲ. ನಿಂತ ಕಾಯಿ ಯಾರನ್ನೂ ಹೊಡೆಯಲಾರದು. ಅಕಸ್ಮಾತ್ ನಾಲ್ಕೂ ಅಲ್ಲೇ ನಿಂತರೆ ಹೊಡೆಯದೆ ಒಳಗಿಲ್ಲ, ಕದಲದೆ ಹೊಡೆತವಿಲ್ಲ. ಓಎಸ್ ಕ್ಲಾಸಿನಲ್ಲಿ ಇದಕ್ಕೇ ಡೆಡ್‌ಲಾಕ್ ಅಂತಾರೆ. ಇನ್ನೊಂದು ಸುತ್ತು ಕಳಿಸಿದರೆ ಅದಕ್ಕೂ ಬೇಟೆಯ ಅವಕಾಶ, ಬೇರೆಯವರಿಗೂ ಅದರ ಮೇಲೆ ಕಣ್ಣು.

ಎಲ್ಲ ಪ್ರಶ್ನೆಗೂ ಹೀಗೆ ಉತ್ತರ ಸಿಗಲ್ಲ, ಅದೂ ನಿಜ. ಒಂದೇ ಮನೆಯಲ್ಲಿ ಕೂತ ಜೋಡಿಯನ್ನು ಒಂಟಿ ಕಾಯಿ ಹೊಡೆಯಬಹುದಾ? ಹೌದು ಅಂದರೆ ಆಟ ಚುರುಕು, ಇಲ್ಲ ಅಂದರೆ ಲೆಕ್ಕಾಚಾರ ಜಾಸ್ತಿ. ಎರಡೂ ಒಳ್ಳೇ ಆಟಗಳೇ. ಇಂಥ ಕಡೆ ಆಪ್ ಬರೆಯುವವರು ಎರಡೂ ಆಯ್ಕೆ ಕೊಡಲಿ, ಯಾವ ಊರಿನವರು ಹೇಳಿದ್ದು ಅನ್ನೋದನ್ನೂ ಬರೆಯಲಿ.

ಬರೆದಿಡೋದು ಈ ಊರಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಚದುರಂಗದ ಕುದುರೆ ನಡೆಯ ಒಗಟುಗಳನ್ನು ಕಟ್ಟಿದವರು, ಶ್ರೀತತ್ತ್ವನಿಧಿಯ ಕೊನೆಯ ಭಾಗವಾದ ಕೌತುಕನಿಧಿಯನ್ನು ಆಟಗಳಿಗೇ ಮೀಸಲಿಟ್ಟವರು. ಹಂಪಿಯ ಬಂಡೆಗಳ ಮೇಲೂ ಆಟದ ಗೆರೆಗಳಿವೆ, ಆದರೆ ಹೇಗೆ ಹೊಡೀಬೇಕು ಅಂತ ಅಲ್ಲಿ ಯಾರೂ ಕೆತ್ತಿಲ್ಲ. ನವೆಂಬರ್‌ನ ರಾಜ್ಯೋತ್ಸವಕ್ಕೆ ನಮ್ಮ ಬಳಗ ಚೌಕಾಬಾರ ಸ್ಪರ್ಧೆ ಇಟ್ಟರೆ, ಹೆಸರು ಕೊಡುವ ಹಾಳೆಯಲ್ಲಿ ಇನ್ನೊಂದು ಕಾಲಂ ಸೇರಿಸಿ: ನಿಮ್ಮ ಮನೆಯಲ್ಲಿ ಜೋಡಿ ಹೊಡೀತಾರಾ? ದೀಪಾವಳಿಗೆ ಊರಿಗೆ ಹೋದವರು ಕೇಳಿಕೊಂಡು ಬನ್ನಿ.