ಪಂಜರದ ಗಿಳಿಯೂ ನಮ್ಮ ಅಣುವ್ರತವೂ

ನೀರನ್ನು ಸೋಸಿ ಕುಡಿದು, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಮನೆಯ ಜಗಲಿಯಲ್ಲಿಯೂ ಗಿಳಿಯ ಪಂಜರ ತೂಗುವುದುಂಟು. ‘ಹೊತ್ತುಹೊತ್ತಿಗೆ ಹಣ್ಣು, ಕಾಳು ಕೊಡುತ್ತೇವೆ; ಬೆಕ್ಕಿನಿಂದ ಕಾಪಾಡುತ್ತೇವೆ’ ಎಂಬುದು ಮನೆಯವರ ಸಮಾಧಾನ. ಆದರೆ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಅಹಿಂಸಾಣುವ್ರತದ 5 ಅತಿಚಾರಗಳನ್ನು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಎಣಿಸುತ್ತದೆ. ಅನ್ನವಿಕ್ಕುವುದರಿಂದ ಕೊನೆಯ ದೋಷ ತಪ್ಪೀತು, ಮೊದಲನೆಯದು ತಪ್ಪುವುದೆಂತು? ರೆಕ್ಕೆ ಕತ್ತರಿಸಿದರೆ ಛೇದವೂ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆಯೂ ನಮ್ಮ ನಾಡಿನ ಗಿಳಿಯನ್ನು ಹಿಡಿದು ಸಾಕುವುದು ಅಪರಾಧ.

ಹಕ್ಕಿಯ ಸಹವಾಸವಿಲ್ಲದೆ ಮಕ್ಕಳಲ್ಲಿ ದಯೆ ಬೆಳೆಯದೆನ್ನುವಿರಾ? ಕೊತ್ತತ್ತಿಯ ಬಂಧುಗಳಿಗೆ ದಾರಿ ದೂರವಿಲ್ಲ. ನೆರೆಯ ಮದ್ದೂರು ತಾಲ್ಲೂಕಿನಲ್ಲಿಯೇ ಕೊಕ್ಕರೆಬೆಳ್ಳೂರಿದೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಿಸೆಮರಗಳಲ್ಲಿ ಗೂಡು ಕಟ್ಟಿ ಮರಿಮಾಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಊರವರು ಅವನ್ನು ಕಾಣುತ್ತಾರೆ. ತವರಿನಲ್ಲಿ ಮಗಳನ್ನು ಕೂಡಿಹಾಕುವವರುಂಟೇ? ಪಂಜರವಿಲ್ಲದಿದ್ದರೂ ಅವು ಮತ್ತೆ ಮತ್ತೆ ಬರುತ್ತವೆ.

ಹಾಗೆಂದು ಸಾಕಿದ ಗಿಳಿಯನ್ನು ಇಂದೇ ಹಾರಬಿಡುವುದೂ ದಯೆಯಲ್ಲ. ಹಾರಾಟ ಮರೆತ ಹಕ್ಕಿ ಕಾಗೆ, ಬೆಕ್ಕುಗಳ ಪಾಲಾದೀತು. ಅರಣ್ಯ ಇಲಾಖೆಗೆ ಒಪ್ಪಿಸುವುದು ಲೇಸು. ಶ್ರಾವಕರ ಮನೆಯಲ್ಲಿ ತೂಗಬೇಕಾದುದು ತೊಟ್ಟಿಲು, ಸೆರೆಮನೆಯಲ್ಲ.